ಹನ್ನೊಂದು ಪುಟದ ಪಟ್ಟಿ ಬೇಡ: ಹೊಸ ಸೂಪರ್‌ಹೀರೋ ಕಾಮಿಕ್ಸ್ ಓದಲು ಹೊರಟವರಿಗೆ

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಕನ್ನಡದ ಅರ್ಜಿ, ಮಲಯಾಳದ ಅರ್ಜಿ, ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಎಲ್ಲವೂ ಇಲ್ಲಿ ಆಗುತ್ತದೆ. “ಮಾವ, ಇದೊಂದು ಪ್ರಿಂಟ್ ತೆಗೆದುಕೊಡಿ” ಎಂದ. ತೆರೆದು ನೋಡಿದರೆ ಮಾರ್ವೆಲ್ ಕಂಪನಿಯ ಎಕ್ಸ್-ಮೆನ್ ಎಂಬ ಸೂಪರ್‌ಹೀರೋ ಗುಂಪಿನ ಕಾಮಿಕ್ಸ್ ಓದುವ ಕ್ರಮ. 1963ರ ಮೊದಲ ಸಂಚಿಕೆಯಿಂದ ಇವತ್ತಿನವರೆಗೆ, ಇರುವೆ ಸಾಲಿನಂತಹ ಅಕ್ಷರದಲ್ಲಿ 11 ಪುಟ. ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡವನಿಗೆ ಯಾರೋ ಅದನ್ನು ಕೊಟ್ಟಿದ್ದರು. ನಾನು ಪ್ರಿಂಟ್ ತೆಗೆಯಲಿಲ್ಲ. ಆ ಪಟ್ಟಿ ಹಿಡಿದು ಹೊರಟವನು ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಕಾಮಿಕ್ಸ್ ಬಿಟ್ಟು ಕ್ರಿಕೆಟ್‌ಗೆ ಹೋಗಿರುತ್ತಾನೆ. ಅದರ ಬದಲು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಏನು ಹೇಳಿದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಮೊದಲಿನಿಂದ ಹಿಡಿಯಬೇಡಿ. ನಮ್ಮ ಕಡೆ ಯಾರಾದರೂ ಆದಿಪರ್ವ ಓದಿ ಮುಗಿಸಿಕೊಂಡು ‘ಕರ್ಣಪರ್ವ’ದ ಯಕ್ಷಗಾನ ಆಟಕ್ಕೆ ಹೋಗುತ್ತಾರೆಯೇ? ಚೆಂಡೆಯ ಸದ್ದು ಕೇಳಿದ ಕಡೆ ಹೋಗಿ ಕುಳಿತುಕೊಳ್ಳುತ್ತೇವೆ. ಗೊತ್ತಿಲ್ಲದ್ದನ್ನು ಪಕ್ಕದಲ್ಲಿ ಕುಳಿತ ಅಜ್ಜ ಹೇಳುತ್ತಾರೆ, ಉಳಿದದ್ದು ಅರ್ಥಗಾರಿಕೆಯಲ್ಲೇ ತಿಳಿಯುತ್ತದೆ. ಅಮೆರಿಕದ ಕಾಮಿಕ್ಸ್‌ನಲ್ಲಿಯೂ ಪ್ರಸಂಗಗಳೇ ಇರುವುದು. ಐದಾರು ಸಂಚಿಕೆಗೆ ಒಂದು ಪ್ರಸಂಗ ಮುಗಿಯುತ್ತದೆ, ಅದೇ ಮುಂದೆ ಒಂದು ಪುಸ್ತಕವಾಗಿ ಬರುತ್ತದೆ. ನಿಮಗೆ ಬೇಕಾಗಿರುವುದು ಆ ಪುಸ್ತಕ.

ಎರಡನೆಯದು, ನನ್ನ ಲೆಕ್ಕದಲ್ಲಿ ಬಹುಮುಖ್ಯವಾದದ್ದು: ವೇಷ ನೋಡಿ ಕೊಳ್ಳಬೇಡಿ, ಬರೆದವನ ಹೆಸರು ನೋಡಿ ಕೊಳ್ಳಿ. ನಾನು ‘ವಾಲಿವಧೆ’ ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಹದಿನೈದು ಸಲವಾದರೂ ಕೇಳಿದ್ದೇನೆ. ಭಾಗವತರು ಹಾಡುವುದು ಅದೇ ನಮ್ಮ ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳನ್ನು. ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಕೇಳುವ ಪ್ರಶ್ನೆ ಮಾತ್ರ ಅರ್ಥಧಾರಿಗೊಂದು ತರ. ಒಬ್ಬರ ವಾಲಿ ಕೋಪಿಷ್ಠ, ಇನ್ನೊಬ್ಬರ ವಾಲಿ ವಕೀಲ, ಮತ್ತೊಬ್ಬರ ವಾಲಿ ಸಾಯುವ ಹೊತ್ತಿಗೆ ತಮ್ಮನ ಮುಖ ನೋಡಲಾರದೆ ಮೌನವಾಗುತ್ತಾನೆ. ಬ್ಯಾಟ್‌ಮನ್ ಕೂಡ ಹಾಗೆಯೇ. ಸ್ಕಾಟ್ ಸ್ನೈಡರ್ ಎಂಬವರು 2011ರಿಂದ ಐದು ವರ್ಷ ಮಾಮೂಲಿ ಬ್ಯಾಟ್‌ಮನ್ ಬರೆದರು: ಬಂಗಲೆ, ಬಟ್ಲರ್, ಕೋಟಿಗಟ್ಟಲೆ ಹಣ. ಅದೇ ಮನುಷ್ಯ ಚಿತ್ರಕಾರ ನಿಕ್ ಡ್ರಗೋಟಾ ಜೊತೆ 2024ರ ಅಕ್ಟೋಬರ್‌ನಲ್ಲಿ ‘ಅಬ್ಸಲ್ಯೂಟ್ ಬ್ಯಾಟ್‌ಮನ್’ ಶುರು ಮಾಡಿ ಎಲ್ಲವನ್ನೂ ಕಿತ್ತು ಹಾಕಿದರು. ಇಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ಒಬ್ಬ ಇಂಜಿನಿಯರ್, ದುಡಿದು ತಿನ್ನುವವನು. ಅಪ್ಪ ಶಾಲಾ ಮಾಸ್ತರರಾಗಿದ್ದವರು, ಅಮ್ಮ ಬದುಕಿದ್ದಾಳೆ. ಎದೆಯ ಮೇಲಿನ ಬಾವಲಿ ಗುರುತನ್ನು ಕಿತ್ತು ತೆಗೆದರೆ ಅದೇ ಕೊಡಲಿಯ ಅಲಗು. ಬಾಲ್ಯದ ಗೆಳೆಯರು ಯಾರು ಎಂದರೆ ಬೇರೆ ಕಥೆಗಳಲ್ಲಿ ಅವನ ಶತ್ರುಗಳಾಗುವ ಅದೇ ಹುಡುಗರು. ಹಣವಿಲ್ಲದ ಬ್ಯಾಟ್‌ಮನ್ ಎಂದಾಗ ನಾನು ನಕ್ಕಿದ್ದೆ. ಮೊದಲ ಆರು ಸಂಚಿಕೆ ಓದಿದ ಮೇಲೆ ನನಗೆ ಹಳೆಯ ಬಂಗಲೆಯವನೇ ಪೊಳ್ಳು ಎನಿಸತೊಡಗಿದ. ಕೈಕಾಲು ಮುರಿಯುವ ಅಬ್ಬರ ಸ್ವಲ್ಪ ಹೆಚ್ಚಾಯಿತು ಎಂಬ ತಕರಾರು ಉಂಟು. ಬಣ್ಣದ ವೇಷಕ್ಕೆ ಅಷ್ಟು ಅಬ್ಬರ ಇರಲಿ ಎಂದು ಸುಮ್ಮನಾಗಿದ್ದೇನೆ.

ಅದೇ ಅಬ್ಸಲ್ಯೂಟ್ ಸಾಲಿನ ವಂಡರ್ ವುಮನ್ ನನಗೆ ಬ್ಯಾಟ್‌ಮನ್‌ಗಿಂತ ಒಂದು ಕೈ ಮೇಲು. ಬರೆದವರು ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶರ್ಮನ್ ಅವರದು. ವಂಡರ್ ವುಮನ್ ಆಗುವ ಆ ಡಯಾನಾ ಬೆಳೆದದ್ದು ನರಕದಲ್ಲಿ, ಸಾಕಿದವಳು ಮಾಟಗಾತಿ ಸರ್ಸಿ. ಅಂಥ ಕಡೆ ಬೆಳೆದವಳು ಇಷ್ಟು ಮೃದುವಾಗಿರಲು ಹೇಗೆ ಸಾಧ್ಯ ಎಂಬುದೇ ಕಥೆಯ ಜೀವ. ಹೆಣ್ಣುಮಕ್ಕಳಿಗೆ ಮೊದಲ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಗಂಡುಮಕ್ಕಳು ಕೇಳಿದರೂ ಇದನ್ನೇ.

ಮೂರನೆಯದು ನಂಬರಿನ ಮೋಸ. ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ ಒಂದನೆಯ ಸಂಚಿಕೆ ಬೇಕು ಎಂದರೆ ಯಾವ ಒಂದು? 1963ರದ್ದು ಇದೆ, 1999, 2014, 2015, 2018, 2022, ಕೊನೆಗೆ 2025ರದ್ದೂ ಇದೆ. ಹೊಸ ಬರಹಗಾರ ಬಂದಾಗ, ಕೆಲವೊಮ್ಮೆ ಸುಮ್ಮನೆ ಮಾರಾಟ ಹೆಚ್ಚಲಿ ಎಂದೂ ಎಣಿಕೆ ಮತ್ತೆ ಒಂದರಿಂದ ಆಗುತ್ತದೆ. ನಾನು ಒಮ್ಮೆ 2022ರ ಸಂಪುಟ ಒಂದು ಎಂದುಕೊಂಡು 2018ರ ಸಂಪುಟ ಒಂದನ್ನು ತರಿಸಿಕೊಂಡೆ. ಮಾರಿದವರ ತಪ್ಪೇನೂ ಇರಲಿಲ್ಲ, ಬೆನ್ನಿನ ಮೇಲೆ ‘1’ ಎಂದೇ ಇತ್ತು. ಆದ್ದರಿಂದ ಹುಡುಕುವಾಗ ಹೆಸರು, ಬರಹಗಾರ, ವರ್ಷ, ಈ ಮೂರನ್ನೂ ಸೇರಿಸಿಯೇ ಹುಡುಕಿ. ಸರ್ವೆ ನಂಬರ್ ಇಲ್ಲದೆ ಜಾಗ ಕೊಳ್ಳುತ್ತೀರಾ?

ಈಗ ಎಕ್ಸ್-ಮೆನ್‌ಗೆ ಬರುತ್ತೇನೆ, ಹುಡುಗ ಬಂದದ್ದು ಅದಕ್ಕೇ ತಾನೆ. ಅವನ ಆ 11 ಪುಟಕ್ಕೆ ಬದಲಾಗಿ ಅಟ್ಟದಿಂದ ಒಂದೇ ಪುಸ್ತಕ ಇಳಿಸಿಕೊಟ್ಟೆ. 2019ರಲ್ಲಿ ಜೊನಾಥನ್ ಹಿಕ್ಮನ್ ಬರೆದ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’. ತಲಾ ಆರು ಸಂಚಿಕೆ, ಎರಡನ್ನೂ ಹೆಣೆದು ಒಂದೇ ಪುಸ್ತಕವಾಗಿ ಬಂದಿದೆ. ಎರಡನೆಯದರ ‘ಎಕ್ಸ್’ ರೋಮನ್ ಅಂಕಿಯ ಹತ್ತು. ಕಥೆ ಮೊದಲ ವರ್ಷ, ಹತ್ತನೆಯ ವರ್ಷ, ನೂರನೆಯದು, ಸಾವಿರದ್ದು, ಹೀಗೆ ನಾಲ್ಕು ಕಾಲಗಳಲ್ಲಿ ಓಡುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ.

ಇದನ್ನು ಓದುವ ಕ್ರಮ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಮಾತು ಓದಬೇಡಿ, ಚಿತ್ರ ಮಾತ್ರ ನೋಡುತ್ತ ಸಂಚಿಕೆ ಮುಗಿಸಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಇಂಗ್ಲಿಷ್ ಏನಿದ್ದರೂ ಕೊನೆಯ ಪಂಕ್ತಿಯ ಊಟ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಮುಖ ಬಾಡಿದೆ ಎಂದು ಕಣ್ಣಿಗೆ ತಿಳಿದ ಮೇಲೆ ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಮಾತು. ಮಧ್ಯೆ ಮಧ್ಯೆ ಬಿಳಿ ಪುಟಗಳು ಬರುತ್ತವೆ: ಪಟ್ಟಿ, ನಕ್ಷೆ, ಕಚೇರಿಯ ಕಡತದಂಥ ಬರಹ. ಎಲ್ಲರೂ ಹಾರಿಸುವುದು ಇವನ್ನೇ. ಹಾರಿಸಬೇಡಿ. ‘ಹೌಸ್’ನ ಎರಡನೆಯ ಸಂಚಿಕೆಯಲ್ಲಿ ಮೊಯ್ರಾ ಎಂಬ ಹೆಂಗಸಿನ ಕಥೆ ಇದೆ. ಅವಳು ಸತ್ತಾಗಲೆಲ್ಲ ಹಿಂದಿನದ್ದೆಲ್ಲ ನೆನಪಿಟ್ಟುಕೊಂಡು ಅದೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಹುಟ್ಟುತ್ತಾಳೆ. ಅವಳ ಜನ್ಮಗಳನ್ನು ಗೆರೆ ಎಳೆದು ತೋರಿಸಿದ ನಕ್ಷೆಯೂ ಇದೆ. ನಾನು ಅದನ್ನು ಎರಡು ಸಲ ನೋಡಿ ಮುಂದೆ ಹೋಗಿದ್ದೆ. ಹುಡುಗ ಅಂಗಡಿಯ ಸ್ಟೂಲಿನಲ್ಲಿ ಕುಳಿತು ಬೆರಳಿಟ್ಟು ಎಣಿಸುತ್ತಾ ಹೋದವನು ಒಮ್ಮೆಲೇ, “ಮಾವ, ಐದಾದ ಮೇಲೆ ಏಳು ಇದೆ. ಆರನೆಯ ಜನ್ಮ ಎಲ್ಲಿ ಹೋಯಿತು?” ಎಂದ. ಆಗ ಯಾರದೋ ರೇಷನ್ ಕಾರ್ಡ್ ಜೆರಾಕ್ಸ್ ಆಗುತ್ತಿತ್ತು, ಅದನ್ನು ಅರ್ಧಕ್ಕೇ ಬಿಟ್ಟು ಹೋಗಿ ನೋಡಿದೆ. ಅವನು ಹೇಳಿದ್ದು ಸರಿ. ಆ ಖಾಲಿ ಜಾಗ ತುಂಬುವುದು ‘ಪವರ್ಸ್’ನ ಕೊನೆಯ ಸಂಚಿಕೆಯಲ್ಲಿ. ಹೇಗೆ ಎಂದು ನಾನು ಹೇಳುವುದಿಲ್ಲ.

ಈ ಕಥೆಯಲ್ಲಿ ಎಕ್ಸ್-ಮೆನ್ ಮಂದಿ ಕ್ರಕೋವಾ ಎಂಬ ದ್ವೀಪದಲ್ಲಿ ತಮ್ಮದೇ ರಾಷ್ಟ್ರ ಕಟ್ಟಿಕೊಳ್ಳುತ್ತಾರೆ. ತಮ್ಮದೇ ಭಾಷೆ, ತಮ್ಮದೇ ಲಿಪಿ. ಭಾಷೆಯನ್ನು ಕಲಿಸುವ ಗೋಜಿಲ್ಲ, ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ಇಳಿಸಿಬಿಡುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಬೆಳಿಗ್ಗೆ ಇಲ್ಲಿನ ಕನ್ನಡಿಗರಿಗೆ ಇಂಥದ್ದೊಂದು ಸೌಲಭ್ಯ ಇದ್ದಿದ್ದರೆ ನನ್ನ ಟೈಪಿಂಗ್ ಅಂಗಡಿ ಬೇಕಾಗುತ್ತಲೇ ಇರಲಿಲ್ಲ. ಗಡಿಯಲ್ಲಿ ಹುಟ್ಟಿದವನಿಗೆ ಈ ಕಥೆ ಬೇರೆ ರೀತಿಯಲ್ಲಿ ತಾಗುತ್ತದೆ ಎಂದಷ್ಟೇ ಹೇಳಿ ಬಿಡುತ್ತೇನೆ. ಕೊನೆಯ ಬಗ್ಗೆ ನನಗೆ ಸಿಟ್ಟಿದೆ. ಹಿಕ್ಮನ್ ಇದೇ ಕಥೆಯ ಮುಂದುವರಿಕೆಯಾದ ತನ್ನ ‘ಇನ್‌ಫರ್ನೋ’ ಮುಗಿಸಿ ಹೊರಟುಹೋದರು. ಉಳಿದ ಬರಹಗಾರರು ಎಳೆದರು, 2024ರಲ್ಲಿ ಗಡಿಬಿಡಿಯಿಂದ ಬಾಗಿಲು ಮುಚ್ಚಿದರು. ಐದು ವರ್ಷ ಕಟ್ಟಿದ ಊರನ್ನು ನಾಲ್ಕಾರು ತಿಂಗಳಲ್ಲಿ ಕೆಡವಿದ ಹಾಗಾಯಿತು. ಆದ್ದರಿಂದ ಹೊಸಬರು ಮೊದಲ 12 ಸಂಚಿಕೆ ಮತ್ತು ‘ಇನ್‌ಫರ್ನೋ’ ಓದಿ ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ.

ಸಾವಿನ ವಿಷಯ ಹೇಳದೆ ಹೋದರೆ ಅರೆಬರೆಯಾಗುತ್ತದೆ. ಇಲ್ಲಿ ಎಲ್ಲರೂ ಸಾಯುತ್ತಾರೆ, ಎಲ್ಲರೂ ಬರುತ್ತಾರೆ. ಸೂಪರ್‌ಮ್ಯಾನ್ 1992ರಲ್ಲಿ ಸತ್ತು ಮರುವರ್ಷ ಎದ್ದು ಬಂದ. “ಹಾಗಾದರೆ ಓದುವುದು ಏತಕ್ಕೆ?” ಎಂದು ಹುಡುಗ ಕೇಳಿದ. ವಾಲಿ ಸಾಯುತ್ತಾನೋ ಇಲ್ಲವೋ ನೋಡೋಣ ಎಂದು ತಾಳಮದ್ದಳೆಗೆ ಹೋದವರು ಉಂಟೇ ಮಾರಾಯ, ಎಂದೆ. ಸತ್ತ ವೇಷ ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಚಹಾ ಕುಡಿಯುವುದನ್ನು ಇಣುಕಿ ನೋಡಿಯೇ ನಾವು ಬೆಳೆದದ್ದು. ಹೇಗೆ ಸತ್ತ ಎಂಬುದಷ್ಟೇ ಲೆಕ್ಕ. ನನ್ನ ಜಗಳವೂ ಅಲ್ಲೇ. 2023ರಲ್ಲಿ ಮಿಸ್ ಮಾರ್ವೆಲ್ ಆದ ಕಮಲಾ ಖಾನಳನ್ನು ಕೊಂದರು. ಅವಳದೇ ಪುಸ್ತಕದಲ್ಲಿ ಕೊಂದಿದ್ದರೆ ಒಂದು ಮಾತು. ಸ್ಪೈಡರ್-ಮ್ಯಾನ್‌ನ 26ನೆಯ ಸಂಚಿಕೆಯಲ್ಲಿ, ನಾಯಕನ ಹಳೆಯ ಪ್ರೇಯಸಿ ಮೇರಿ ಜೇನ್‌ಳ ರೂಪ ಹೊತ್ತು, ಇನ್ನೊಬ್ಬರ ಕಥೆಯ ಮೂಲೆಯಲ್ಲಿ ಸತ್ತಳು. ಕೆಲವೇ ವಾರಗಳಲ್ಲಿ ಎಕ್ಸ್-ಮೆನ್ ಕಡೆಯಿಂದ ಎದ್ದೂ ಬಂದಳು. ಸತ್ತವಳಿಗೂ ಮರ್ಯಾದೆಯಿಲ್ಲ, ಅತ್ತವರಿಗೂ ಇಲ್ಲ.

ಆ ಸ್ಪೈಡರ್-ಮ್ಯಾನ್ ಸರಣಿಯನ್ನು ನಾನು ಬಿಟ್ಟ ಕಾರಣ ಮಾತ್ರ ಬೇರೆ. 2022ರ ಮೊದಲ ಸಂಚಿಕೆಯಲ್ಲಿಯೇ ಸ್ಪೈಡರ್-ಮ್ಯಾನ್ ಆದ ಪೀಟರ್ ಮೇಲೆ ಎಲ್ಲರಿಗೂ ಮುನಿಸು. ಅವನು ಏನು ಮಾಡಿದ ಎಂಬ ಉತ್ತರ ಬರುವಷ್ಟರಲ್ಲಿ 20 ಸಂಚಿಕೆ ದಾಟಿತ್ತು, ಬಂದ ಉತ್ತರವೂ ಕಾದಷ್ಟು ಬೆಲೆಯದ್ದಲ್ಲ. ಎರಡು ಸಂಪುಟ ಓದಿಯೂ ಮನಸ್ಸು ಹತ್ತದಿದ್ದರೆ ಬಿಡಿ. ಮುಂದೆ ಸರಿಯಾಗಬಹುದು ಎಂದು ಕಾಯುವುದು ಕೊಳೆರೋಗ ಹಿಡಿದ ಗೊನೆಯನ್ನು ಮರದಲ್ಲೇ ಬಿಟ್ಟ ಹಾಗೆ.

ಸ್ಪೈಡರ್-ಮ್ಯಾನ್ ಬೇಕೇ ಬೇಕು ಎನ್ನುವವರಿಗೆ 2024ರ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಇದೆ. ಬರೆದವರು ಅದೇ ಹಿಕ್ಮನ್, ಚಿತ್ರ ಮಾರ್ಕೊ ಕೆಕ್ಕೆಟ್ಟೊ. ಇಲ್ಲಿನ ಪೀಟರ್ ಮೂವತ್ತು ದಾಟಿದ ಸಂಸಾರಸ್ಥ, ಇಬ್ಬರು ಮಕ್ಕಳ ತಂದೆ. ಆಮೇಲೆ ಸಿಗುವುದು ಜೇಡದ ಶಕ್ತಿ. ಎಲ್ಲ ಕಥೆಗಳಲ್ಲಿ ಸಾಯುವ ಬೆನ್ ಚಿಕ್ಕಪ್ಪ ಬದುಕಿದ್ದಾರೆ, ಪತ್ರಿಕೆಯ ಸಂಪಾದಕ ಜೇಮ್ಸನ್ ಜೊತೆ ಸೇರಿ ಸ್ವಂತ ಪತ್ರಿಕೆ ಹೊರಡಿಸುತ್ತಾರೆ. ಇಬ್ಬರು ವಯಸ್ಸಾದವರು ಎದುರುಬದುರು ಕುಳಿತು ಸುದ್ದಿ, ಮಾಲೀಕರು, ಮಾನ ಎಂದು ಮಾತಾಡುವ ಪುಟಗಳಲ್ಲಿ ಒಂದು ಪೆಟ್ಟೂ ಬೀಳುವುದಿಲ್ಲ. ಅಚ್ಚಿನ ಶಾಯಿ ಕೈಗೆ ಹತ್ತಿಸಿಕೊಂಡು ಬದುಕುವ ನನಗೆ ಅವೇ ಇಡೀ ಸರಣಿಯ ಒಳ್ಳೆಯ ಪುಟಗಳು. ಒಂದು ಕುಂದು ಹೇಳಬೇಕು. ನಮ್ಮಲ್ಲಿ ಒಂದು ತಿಂಗಳು ಕಳೆದರೆ ಕಥೆಯಲ್ಲಿಯೂ ಒಂದು ತಿಂಗಳು ಕಳೆಯುತ್ತದೆ. ಬೇಕಾದ ಎಷ್ಟೋ ಸಂಗತಿ ಎರಡು ಸಂಚಿಕೆಗಳ ನಡುವೆ ನಮ್ಮ ಕಣ್ಣಿಗೆ ಬೀಳದೆ ನಡೆದುಹೋಗುತ್ತದೆ.

ಬೇರೆ ಒಂದೆರಡು ಹೆಸರು. ‘ಇಮ್ಮಾರ್ಟಲ್ ಹಲ್ಕ್’, ಆಲ್ ಯೂಯಿಂಗ್ ಬರೆದದ್ದು, 2018ರಿಂದ 2021, ಒಟ್ಟು 50 ಸಂಚಿಕೆ. ರಾತ್ರಿ ಏಳುವ ಹಲ್ಕ್, ಅಪ್ಪಟ ಭಯದ ಕಥೆ. ಕರೆಂಟ್ ಹೋಗುವ ಮಳೆಗಾಲದ ರಾತ್ರಿ ಬೇಡ. ‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೋ’ ಎಂಟೇ ಸಂಚಿಕೆಗೆ ಪೂರ್ತಿ ಮುಗಿಯುತ್ತದೆ, ಬಿಲ್ಕಿಸ್ ಎವ್ಲಿ ಅವರ ಚಿತ್ರ ನೋಡಲು ಎರಡು ಕಣ್ಣು ಸಾಲದು. ಆದರೆ ಬರೆದ ಟಾಮ್ ಕಿಂಗ್ ಅವರ ಇಂಗ್ಲಿಷ್ ಹಳೆಯ ಕಾಲದ ಅಲಂಕಾರದ್ದು, ಮೊದಲ ಪುಸ್ತಕವಾಗಿ ಹಿಡಿದರೆ ಬಾಯಿ ಕಟ್ಟುತ್ತದೆ. ನಾಲ್ಕನೆಯದೋ ಐದನೆಯದೋ ಆಗಲಿ. ಹತ್ತು ಸರಣಿಗಳನ್ನು ಕಟ್ಟಿಹಾಕುವ ಮಹಾಸಂಗ್ರಾಮದ ಕಥೆಗಳು ಬಂದಾಗ ಮುಖ್ಯ ಪುಸ್ತಕ ಒಂದನ್ನು ಓದಿ, ಬಾಲಂಗೋಚಿಗಳನ್ನು ಬಿಡಿ.

ಬಿಡಿ ಸಂಚಿಕೆಯ ಆಸೆ ನಮ್ಮ ಕಡೆಯವರಿಗೆ ಬೇಡ. ಅಮೆರಿಕದಲ್ಲೇ ಒಂದಕ್ಕೆ 4ರಿಂದ 5 ಡಾಲರ್, ಕಥೆಯ ಪುಟ ಇಪ್ಪತ್ತರ ಆಸುಪಾಸು. ಮಂಗಳೂರಿಗೆ ಹೋದಾಗ ಪುಸ್ತಕದ ಅಂಗಡಿ ನೋಡಿ, ಇಲ್ಲದಿದ್ದರೆ ತರಿಸಿಕೊಳ್ಳಿ. ಮಾರ್ವೆಲ್‌ನ ಚಂದಾ ಆಪ್‌ನಲ್ಲಿ ಹೊಸ ಸಂಚಿಕೆ ಮೂರು ತಿಂಗಳು ತಡವಾಗಿ ಬರುತ್ತದೆ, ಅವಸರವಿಲ್ಲದವರಿಗೆ ಅದು ಸಾಕು. ಪುಸ್ತಕ ಕೊಂಡರೆ ಜೂನ್ ತಿಂಗಳಿಗೆ ಮುಂಚೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಸಿಟ್ಟು ಜೊತೆಗೆ ಹಾಕಿ. ಹೊಳಪಿನ ಕಾಗದ ತೇವ ಹೀರಿದರೆ ಪುಟಗಳು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂತಾಗುತ್ತವೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ನನ್ನ ಅಮ್ಮ ಕೊಬ್ಬರಿಯ ಪಕ್ಕ ಇಟ್ಟುಬಿಟ್ಟ ಎರಡು ಸಂಪುಟ ಇವತ್ತಿಗೂ ಹೊಗೆಯ ವಾಸನೆ ಬಿಟ್ಟಿಲ್ಲ.

ಹುಡುಗ ಹದಿನೈದು ದಿನದಲ್ಲಿ ಪುಸ್ತಕ ಮುಗಿಸಿದ. ಕ್ರಕೋವಾದ ಲಿಪಿಯಲ್ಲಿ ಒಂದೊಂದು ಗುರುತಿಗೆ ಒಂದೊಂದು ಇಂಗ್ಲಿಷ್ ಅಕ್ಷರ, ಅಷ್ಟೆ. ಅದನ್ನು ಬಿಡಿಸಿಕೊಂಡವನು ನನ್ನ ಅಂಗಡಿಯ ಗಾಜಿನ ಮೇಲೆ ಮಾರ್ಕರ್‌ನಲ್ಲಿ ‘ಜೆರಾಕ್ಸ್’ ಎಂದು ಬರೆದಿಟ್ಟು ಹೋಗಿದ್ದ. ಮರುದಿನ ತೆರಿಗೆ ರಶೀದಿಯ ಪ್ರತಿ ತೆಗೆಸಲು ಬಂದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ಅದನ್ನು ನೋಡಿ, “ತುಳು ಲಿಪಿ ಬರೆಸಿದಿರಾ? ಒಳ್ಳೆಯದಾಯಿತು” ಎಂದರು. ಇನ್ನೂ ಒರೆಸಿಲ್ಲ.