ಬಲೂನು ಹಾರಿಸಿ ಟವರ್ ಎತ್ತರ ಇಳಿಸಿದ್ದು

ಹಳೇ ಊರಿನ ನಡುವೆ ಆಫೀಸ್ ಟವರ್ ಕಟ್ಟುವ ಕೆಲಸ ಸಿಕ್ಕಾಗ ನಾನು ಮೊದಲು ಬರೆದದ್ದು ಪೂರ್ತಿ ಗಾಜಿನ ಡಬ್ಬಿ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇಟ್ಟು, ಸುಮ್ನೆ ‘ಹಸಿರು ಕಟ್ಟಡ’ ಅಂತ ಹೆಸರಿಟ್ಟಿದ್ದೆ. ಇಪ್ಪತ್ತು ಮಹಡಿಗೆ ಇರುವುದು ಒಂದೇ ಚಾವಣಿ ಅಲ್ವಾ? ಅಲ್ಲಿ ಹುಟ್ಟುವ ಕರೆಂಟು ಎಸಿಗೇ ಸಾಲುವುದಿಲ್ಲ.

ಎತ್ತರದ ವಿಷಯದಲ್ಲಿ ಕಣ್ಣು ತೆರೆಸಿದ್ದು ಒಂದು ಬಲೂನು. ಟವರ್‌ನ ಎತ್ತರಕ್ಕೆ ಸರಿಯಾಗಿ ದಾರ ಅಳೆದು, ಹೀಲಿಯಂ ತುಂಬಿದ ಕೆಂಪು ಬಲೂನನ್ನು ಸೈಟಿನಿಂದ ಮೇಲೆ ಬಿಟ್ಟೆವು. ಗಾಳಿ ಎದ್ದರೆ ಅದು ವಾಲಿ ಲೆಕ್ಕ ತಪ್ಪುತ್ತದೆ, ಹಾಗಾಗಿ ನಸುಕಿನಲ್ಲೇ ಹೋಗಿದ್ದೆವು. ಆಮೇಲೆ ಹಳೇ ಬೀದಿಗಳಲ್ಲಿ ಅಡ್ಡಾಡಿ ಫೋಟೊ ತೆಗೆದೆವು. ಕಂಪ್ಯೂಟರ್ ಚಿತ್ರದಲ್ಲಿ ಎಲ್ಲವೂ ಸರಿ ಇತ್ತು. ಆದರೆ ಒಂದು ತಿರುವಿನಲ್ಲಿ ನಿಂತು ನೋಡಿದರೆ, ಗಡಿಯಾರ ಗೋಪುರದ ನೆತ್ತಿಯ ಮೇಲೇ ಬಲೂನು ಕೂತಿತ್ತು! ಲಂಡನ್‌ನ ಲೆಡನ್‌ಹಾಲ್ ಕಟ್ಟಡ ಮೇಲೆ ಹೋದಂತೆ ಹಿಂದಕ್ಕೆ ಸರಿದಿರುವುದು ಇದೇ ಕಾರಣಕ್ಕೆ. ಫ್ಲೀಟ್ ಸ್ಟ್ರೀಟ್‌ನಿಂದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ನೋಟ ಕೆಡಬಾರದು ಅಂತ. ನಾವು ಮೇಲಿನ 4 ಮಹಡಿ ತೆಗೆದು, ಆ ಜಾಗವನ್ನು ಕೆಳಗೆ ಹರಡಿದೆವು.

ಇನ್ನೊಂದು ತಲೆನೋವು ಪಶ್ಚಿಮದ ಬಿಸಿಲು. ಸಂಜೆ ಅದು ಅಡ್ಡಡ್ಡ ಬರುತ್ತದೆ, ಸಜ್ಜಾದಿಂದ ತಡೆಯಲು ಆಗುವುದಿಲ್ಲ. ಲಿಫ್ಟು, ಮೆಟ್ಟಿಲು, ಶೌಚಾಲಯ ಎಲ್ಲವನ್ನೂ ಆ ಕಡೆಗೆ ತಳ್ಳಿದೆ. ಬಿಸಿ ಅಲ್ಲೇ ನಿಲ್ಲುತ್ತದೆ, ಕೂತು ಕೆಲಸ ಮಾಡುವವರನ್ನು ಮುಟ್ಟುವುದಿಲ್ಲ. ಆದರೆ ಲಿಫ್ಟು, ಮೆಟ್ಟಿಲು ಇರುವ ಈ ಗಟ್ಟಿ ಭಾಗ (ಕೋರ್) ಒಂದೇ ಪಕ್ಕಕ್ಕೆ ಹೋದರೆ ಗಾಳಿಗೆ ಕಟ್ಟಡ ತಿರುಚಿಕೊಳ್ಳುತ್ತದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ರೇಗಿದರು. ಎದುರು ಕಡೆ ಎರಡು ಕಾಂಕ್ರೀಟ್ ಗೋಡೆ ಕೊಟ್ಟ ಮೇಲೆ ಸಮಾಧಾನವಾಯಿತು.

ಪಾಯದಲ್ಲಿ ಅರ್ಧದಷ್ಟು ಸಿಮೆಂಟ್ ಬದಲು ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಕಿಟ್ಟದ ಪುಡಿ (ಸ್ಲ್ಯಾಗ್) ಹಾಕಿಸಿದೆ. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದ ಲೆಕ್ಕ ಬಹಳ ಇಳಿಯಿತು. ಇಂಥ ಕಾಂಕ್ರೀಟ್ ನಿಧಾನಕ್ಕೆ ಗಟ್ಟಿಯಾಗುವುದರಿಂದ ಬಲವನ್ನು ವಾಡಿಕೆಯ 28 ದಿನಕ್ಕಲ್ಲ, 56 ದಿನಕ್ಕೆ ಪರೀಕ್ಷಿಸಲು ಒಪ್ಪಿಸಬೇಕಾಯಿತು.

ನಾನು ಎಡವಿದ್ದು ಪಕ್ಕದ ಹಳೇ ಮನೆ ವಿಷಯದಲ್ಲಿ. ಅದು ಗಾರೆ ಗೋಡೆ. ಪಾಯದ ಆಳದ ಕಂಬಗಳಾದ ಪೈಲ್‌ಗಳನ್ನು ಬಡಿದು ಇಳಿಸದೆ ಕೊರೆದು ಹಾಕಿದೆವು, ಅದುರು ಇರಲಿಲ್ಲ. ಆದರೆ ಮೂರು ನೆಲಮಾಳಿಗೆಗೆ ಅಗೆಯುತ್ತಾ ನೀರು ಹೊರಗೆ ಪಂಪ್ ಮಾಡಿದರೆ ಪಕ್ಕದ ನೆಲ ಕುಸಿಯಬಹುದು ಎಂಬುದನ್ನು ಹಗುರವಾಗಿ ತೆಗೆದುಕೊಂಡೆ. ಅಲ್ಲಿನ ಹಳೇ ಬಿರುಕಿನ ಮೇಲೆ ತಾರೀಖು ಬರೆದು ಗಾಜಿನ ಪಟ್ಟಿ ಅಂಟಿಸಿದ್ದೆವು, ಬಿರುಕು ಅಗಲವಾದರೆ ಪಟ್ಟಿ ಒಡೆಯುತ್ತದೆ. ಒಂದು ಬೆಳಿಗ್ಗೆ ಅದು ಎರಡು ತುಂಡಾಗಿತ್ತು. ಅವತ್ತೇ ಪಂಪ್ ನಿಲ್ಲಿಸಿದೆವು. ಕೊನೆಗೆ ಒಂದು ನೆಲಮಾಳಿಗೆಯನ್ನೇ ಕೈಬಿಟ್ಟೆವು. ಪಾರ್ಕಿಂಗ್ ಕಡಿಮೆಯಾಯಿತು ಅಂತ ಮಾಲೀಕರು ಇವತ್ತಿಗೂ ಗೊಣಗುತ್ತಾರೆ.