ಧ್ವನಿಮುದ್ರಣವಿಲ್ಲದ ಪಾಟ್‌ಗಳಿಗೆ ವಿಶ್ವಕೋಶದಲ್ಲಿ ಜಾಗ ಮಾಡಿದ ಬಗೆ

ಕ್ಯಾಸೆಟ್ಟಿಗಾಗಲಿ ಸಿ.ಡಿ.ಗಾಗಲಿ ಎಂದೂ ಬಾರದ, ಕೊಡಗಿನ ಜನಪದ ಹಾಡುಗಳಾದ ಕೊಡವ ಪಾಟ್‌ಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನ ಇರಬೇಕೇ ಎಂಬ ಪ್ರಶ್ನೆಯಲ್ಲಿ ನಾನು ಹಲವು ವರ್ಷ ಎರಡೂ ಕಡೆಯವರ ಆಕ್ಷೇಪಣೆ ಕೇಳಿದ್ದೇನೆ. ಒಂದೊಂದು ಹಾಡಿಗೂ ಒಂದು ಪುಟ ಬೇಕೇ ಬೇಕೆಂದು ಕೊಡಗಿನ ನಾಪೋಕ್ಲು ಕಡೆಯ ಗೆಳೆಯರು ಪಟ್ಟು ಹಿಡಿದಿದ್ದರೆ, ಮುದ್ರಣವೂ ಧ್ವನಿಮುದ್ರಣವೂ ಕಾಣದ ಹಾಡು ವಿಶ್ವಕೋಶದ ವಸ್ತುವೇ ಅಲ್ಲವೆಂದು ಕೆಲವು ಹಿರಿಯ ಸಂಪಾದಕರು ವಾದಿಸುತ್ತಿದ್ದರು. ನಾನು ಹಿಡಿದ ನಡುವಿನ ದಾರಿ, ಅಂದರೆ ಹಾಡಿಗೊಂದರ ಬದಲು ಸಂದರ್ಭಕ್ಕೊಂದು ಲೇಖನ, ಉಳಿಯುವುದಿಲ್ಲ ಎಂದು ಇಬ್ಬರೂ ಹೇಳಿದ್ದರು. ಅದು ಉಳಿದಿದೆ, ಎರಡು ಮಳೆಗಾಲ ಕಳೆದರೂ ಆ ಕ್ರಮದಲ್ಲಿ ಬರೆದ ಒಂದು ಪುಟವೂ ಅಳಿದಿಲ್ಲ.

ಇದಕ್ಕೆ ಮೊದಲು ಹಾಡಿಗೊಂದರಂತೆ ಬರೆದ ಚುಟುಕು ಲೇಖನಗಳು, ನೆನಪಿನ ಮೇಲೆ ಹೇಳುವುದಾದರೆ ಮೂವತ್ತರ ಆಸುಪಾಸು, ಒಂದೇ ಬೇಸಿಗೆಯಲ್ಲಿ ಅಳಿಸಿಹೋದವು. ಗಮನಾರ್ಹತೆಗೆ, ಅಂದರೆ ಪ್ರತ್ಯೇಕ ಲೇಖನಕ್ಕೆ ತಕ್ಕ ವಸ್ತು ಎನ್ನುವುದಕ್ಕೆ, ಆಧಾರವಿಲ್ಲ ಎಂಬುದೇ ಎಲ್ಲದಕ್ಕೂ ಕೊಟ್ಟ ಕಾರಣ. ಅಳಿಸುವಿಕೆಯ ಆ ಚರ್ಚೆಗಳನ್ನು ಮತ್ತೆ ಮತ್ತೆ ಓದುವಾಗ ನನಗೆ ಹೊಳೆದ ಸಂಗತಿಯೆಂದರೆ, ಹಾಡುಗಳ ಬಗೆಗಿನ ನಿಯಮವನ್ನು ರೂಪಿಸಿರುವುದೇ ಆಲ್ಬಂ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬರೆಯಲು ಸಾಕಷ್ಟು ವಿಷಯವಿಲ್ಲದ ಹಾಡಿನ ಹೆಸರನ್ನು ಗಾಯಕರ ಪುಟಕ್ಕೋ ಆಲ್ಬಮ್ಮಿನ ಪುಟಕ್ಕೋ ಪುನರ್ನಿರ್ದೇಶನ ಮಾಡಿ (ಆ ಹೆಸರು ಹುಡುಕಿದವರನ್ನು ಅಲ್ಲಿಗೆ ಕಳುಹಿಸಿ) ಎಂದು ಅದು ಹೇಳುತ್ತದೆ. ಊರ ಬಯಲಾದ ಮಂದ್‌ನಲ್ಲಿ ಹಾಡುವ ಪಾಟ್‌ಗೆ ಆಲ್ಬಂ ಎಲ್ಲಿಂದ ಬರಬೇಕು, ಒಬ್ಬನೇ ಗಾಯಕ ಎಲ್ಲಿಂದ ಬರಬೇಕು? ಆದರೆ ಅದಕ್ಕೆ ಸಂದರ್ಭವಿದೆ. ಸುಗ್ಗಿಯ ಹಬ್ಬ ಪುತ್ತರಿ, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್, ಮದುವೆಯಂಥ ಮಂಗಲ, ಊರ ದೇವರ ಹಬ್ಬ, ಸಾವು, ಹೆಚ್ಚಿನ ಪಾಟ್‌ಗಳು ಇಂಥ ಸಂದರ್ಭಗಳಿಗೇ ಸೇರಿದವು. ಆಲ್ಬಮ್ಮಿನ ಜಾಗದಲ್ಲಿ ನಾನು ಸಂದರ್ಭವನ್ನು ಕೂರಿಸಿದೆ.

ಈಗ ಪುತ್ತರಿಯ ಪಾಟ್‌ಗಳಿಗೆ ಒಂದು ದೊಡ್ಡ ಲೇಖನವಿದೆ. ಅದರೊಳಗೆ ಪ್ರತಿ ಪಾಟ್‌ಗೆ ಒಂದು ಉಪವಿಭಾಗ, ಆ ಉಪವಿಭಾಗದಲ್ಲಿ ಯಾವ ನಾಡಿನಲ್ಲಿ ಹಾಡುತ್ತಾರೆ, ಯಾವ ಗಳಿಗೆಯಲ್ಲಿ, ಕತೆ ಏನು, ಯಾರು ಎಲ್ಲಿ ಬರೆದಿದ್ದಾರೆ ಎಂಬಷ್ಟೇ ವಿವರ. ಹಾಡಿನ ಹೆಸರು, ಅದರ ಬೇರೆ ಬೇರೆ ಕಾಗುಣಿತ, ಮೊದಲ ಸಾಲು, ಇವೆಲ್ಲವೂ ಅಲ್ಲಿಗೇ ಪುನರ್ನಿರ್ದೇಶನ. ಹುಡುಕುವವನಿಗೆ ಹಾಡು ಸಿಗುತ್ತದೆ, ಅಳಿಸುವವನಿಗೆ ಕಾರಣ ಸಿಗುವುದಿಲ್ಲ. ಉಪವಿಭಾಗಗಳನ್ನು ಯಾವ ಅನುಕ್ರಮದಲ್ಲಿ ಸೇರಿಸಿದರೆ ತಕರಾರು ಏಳುವುದಿಲ್ಲ ಎಂಬುದು ನನ್ನ ಗುಟ್ಟಾಗಿಯೇ ಇರಲಿ.

ಪ್ರತ್ಯೇಕ ಲೇಖನಕ್ಕೆ ನನ್ನ ಅಳತೆ ಕಠಿಣವಾದದ್ದು: ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಆ ಪಾಟ್ ಬಗ್ಗೆ ವಿವರವಾಗಿ ಬರೆದಿರಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಒಂದು ಆಧಾರ. ಅದರ 2003ರ ಇಂಗ್ಲಿಷ್ ಅನುವಾದವನ್ನು ನಾನು ಎರಡನೆಯದೆಂದು ಎಣಿಸುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಮೇಲೆ 1952ರಲ್ಲಿ ಹೊರತಂದ ಅಧ್ಯಯನದಲ್ಲಿ ಆ ಪಾಟ್‌ನ ಚರ್ಚೆ ಬಂದಿದ್ದರೆ ಅದು ಬೇರೆಯ ಆಧಾರ. ಒಕ್ಕದವರೇ (ಒಂದು ಮನೆತನದವರೇ) ಮುದ್ರಿಸಿದ ಸ್ಮರಣ ಸಂಚಿಕೆಯಿಂದ ಮಾಹಿತಿ ಪಡೆಯುತ್ತೇನೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಜರಡಿಯಲ್ಲಿ ಉಳಿದ ಪಾಟ್‌ಗಳು ಬೆರಳೆಣಿಕೆಯಷ್ಟು ಮಾತ್ರ, ಮತ್ತು ಅದು ಸರಿಯೆಂದೇ ನನ್ನ ಅಭಿಪ್ರಾಯ. ಎರಡು ಸಾಲಿನ ಪುಟವೊಂದು ಯಾವ ಹಾಡಿಗೂ ಗೌರವ ತರುವುದಿಲ್ಲ. ಚಿಣ್ಣಪ್ಪನವರು 1931ರಲ್ಲೇ ತೀರಿಕೊಂಡಿದ್ದರಿಂದ ಅವರ ಸಂಗ್ರಹದ ಹಕ್ಕುಸ್ವಾಮ್ಯ ಮುಗಿದಿದೆ. ಅಲ್ಲಿನ ಸಾಲುಗಳನ್ನು ಧೈರ್ಯವಾಗಿ ಉದ್ಧರಿಸಬಹುದು.

ಇನ್ನು, ಪಾಟ್‌ಗಳನ್ನು ನಾನೇ ಧ್ವನಿಮುದ್ರಿಸಲು ತಗುಲಿದ ಹಣದ ವಿಷಯ. ರೆಕಾರ್ಡರಿಗೆ ಸುಮಾರು 12,000, ಎರಡು ಮೈಕುಗಳಿಗೆ ಐದಾರು ಸಾವಿರ, ಕಕ್ಕಬ್ಬೆ ಕಡೆಗೆ ಹೋದಾಗಲೆಲ್ಲ ಜೀಪಿನ ಬಾಡಿಗೆ ಸಾವಿರದ ಹತ್ತಿರ, ಹಾಡುಗಾರರಿಗೆ ತಲಾ 500. ಎಲ್ಲ ಸೇರಿ 40,000 ದಾಟಿದೆ. ಒಂದು ಸಂಸ್ಥೆಗೆ ಅನುದಾನ ಕೇಳಿ ಬರೆದಾಗ, ಮೊದಲು ಆಲ್ಬಂ ತಯಾರಿಸಿ ಆಮೇಲೆ ಬನ್ನಿ ಎಂಬ ಉತ್ತರ ಬಂತು.

ಆ ಖರ್ಚಿನ ದೊಡ್ಡ ಪಾಲು ಮಳೆಗಾಲದಲ್ಲಿ ಮಾಡಿದ ಧ್ವನಿಮುದ್ರಣಗಳಿಗೆ ಹೋಯಿತು, ಮತ್ತು ಅವುಗಳಲ್ಲಿ ಒಂದೂ ಬಳಕೆಗೆ ಬರಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಹಾಡು ಕೇಳುವುದೇ ಇಲ್ಲ. ಜತೆಗೆ ದುಡಿ ಎಂಬ ಪುಟ್ಟ ಕೈವಾದ್ಯದ ಚರ್ಮ ತಂಡಿಗೆ ಸಡಿಲವಾಗಿ, ಒಲೆಯ ಬಳಿ ಕಾಯಿಸಿ ತಂದರೂ ಅರ್ಧ ಗಂಟೆಯೊಳಗೆ ಅದರ ನಾದ ಇಳಿಯುತ್ತದೆ. ಪುತ್ತರಿ ಕಳೆದ ಮೇಲೆ ಚರ್ಮ ಬಿಗಿಯಾಗಿರುತ್ತದೆ, ಆದರೆ ಆಗ ಕಾಫಿ ಕುಯಿಲು ಶುರುವಾಗಿ ಹಾಡುಗಾರರಿಗೆ ಬಿಡುವಿರುವುದಿಲ್ಲ. ಕೊನೆಗೆ ಭಾನುವಾರದ ಸಂಜೆಗಳೇ ಗತಿಯಾದವು.

ಧ್ವನಿಯೂ ವಿಶ್ವಕೋಶಕ್ಕೆ ಸೇರಬೇಕೆಂಬವರಿಗೆ ಒಂದು ವಿಷಯ ಹೇಳಬೇಕು. ನಾಲ್ವರು ಕೂಡಿ ಹಾಡುವ ಬಾಳೋ ಪಾಟ್‌ನಲ್ಲಿ ನಾಲ್ವರೂ ದುಡಿ ಹಿಡಿದಿರುತ್ತಾರೆ. ಇಬ್ಬರು ಸಾಲು ಹೇಳುತ್ತಾರೆ, ಉಳಿದಿಬ್ಬರು ಅದನ್ನು ಮತ್ತೆ ಹೇಳುತ್ತಾರೆ. ಒಂದೇ ಮೈಕನ್ನು ನಡುವೆ ಇಟ್ಟರೆ ನಾಲ್ಕು ದುಡಿಯ ಹೊಡೆತದಲ್ಲಿ ಸಾಲಿನ ಕೊನೆಯ ಅಕ್ಷರಗಳು ಮುಚ್ಚಿಹೋಗುತ್ತವೆ. ನಾನು ಜೋಡಿಗೊಂದು ಮೈಕನ್ನು ಎದೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ, ಬಾಯಿಯ ಕಡೆಗೆ ತಿರುಗಿಸಿ ಇಟ್ಟು, ಎರಡನ್ನೂ ಬೇರೆ ಬೇರೆ ಚಾನೆಲ್ಲಿಗೆ ಕಳುಹಿಸಿದೆ. ಹೆಡ್‌ಫೋನಿನಲ್ಲಿ ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ ಕೇಳಿದಾಗ, ಮೊದಲ ಜೋಡಿಯಲ್ಲಿ ಅಸ್ಪಷ್ಟವಾದ ಹೆಸರು ಎರಡನೆಯ ಜೋಡಿಯಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದು ಎಷ್ಟೋ ಸಲ. ಮೊಬೈಲಿನ ಕನ್ನಡ ಧ್ವನಿಲಿಪಿ ತಂತ್ರಾಂಶಕ್ಕೂ ಈ ಕಡತಗಳನ್ನು ಕೊಟ್ಟು ನೋಡಿದೆ. ಕೊಡವರ ಭಾಷೆಯಾದ ಕೊಡವ ತಕ್ಕ್‌ನ ನಡು ಸ್ವರಗಳು ಅದಕ್ಕೆ ದಕ್ಕದೆ, ಒಂದು ಸಾಲೂ ಸರಿಯಾಗಿ ಬರಲಿಲ್ಲ. ಇನ್ನೂ ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುತ್ತೇನೆ.

ಸಾವಿನ ಪಾಟ್‌ಗಳನ್ನು ಮಾತ್ರ ನಾನು ಧ್ವನಿಮುದ್ರಿಸುವುದಿಲ್ಲ. ಮನೆಯವರನ್ನು ಕೇಳಿದರೆ ಒಪ್ಪಿಯಾರು, ಆದರೆ ಆ ಹೊತ್ತಿನಲ್ಲಿ ಕೇಳಬಾರದು; ಅವುಗಳಿಗೆ ಮುದ್ರಿತ ವಿವರಣೆಯಷ್ಟೇ ಸಾಕು. ಉಳಿದವುಗಳನ್ನು ವಿಕಿಪೀಡಿಯದ ಕಡತ ಭಂಡಾರವಾದ ಕಾಮನ್ಸಿಗೆ ಏರಿಸುವ ಮೊದಲು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಹಾಡುಗಾರರಿಗೆ ಓದಿ ಹೇಳಿ, ಯಾರು ಬೇಕಾದರೂ ಮರುಬಳಕೆ ಮಾಡಬಹುದು, ಅದರಿಂದ ಹಣವನ್ನೂ ಗಳಿಸಬಹುದು ಎಂಬುದನ್ನು ಬಿಡಿಸಿ ತಿಳಿಸಿ, ನಾಲ್ವರ ಸಹಿಯನ್ನೂ ಪಡೆಯುತ್ತೇನೆ. ತಂಡದ ಹಿರಿಯರೊಬ್ಬರ ಸಹಿ ಸಾಲದು. ಹಾಡಿದ ನಾಲ್ವರಿಗೂ ಅದರಲ್ಲಿ ಹಕ್ಕಿದೆ.