ದಾವಣಗೆರೆಯಿಂದ ವಿಮಾನ ಪ್ರಯಾಣ: ಗುರುತಿನ ದಾಖಲೆಗಳನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ದೆಹಲಿಗೋ ಮುಂಬಯಿಗೋ ಹೋಗಬೇಕಾದವರು ಶಿವಮೊಗ್ಗದ ಸೋಗಾನೆಗೆ, ಹುಬ್ಬಳ್ಳಿಗೆ, ಇಲ್ಲವೇ ಸುಮಾರು 260 ಕಿ.ಮೀ. ದೂರದ ದೇವನಹಳ್ಳಿಗೆ ಹೋಗಿ ವಿಮಾನ ಹಿಡಿಯಬೇಕು. ಬಸ್ಸು ಹಿರಿಯೂರು ದಾಟಿದ ಮೇಲೆ ಆಧಾರ್ ಕಾರ್ಡು ಮನೆಯ ಅಲಮಾರಿಯಲ್ಲೇ ಉಳಿಯಿತೆಂದು ನೆನಪಾದರೆ ಹಿಂದಿರುಗಿ ತರುವಷ್ಟು ಸಮಯ ಇರುವುದಿಲ್ಲ. ಆದ್ದರಿಂದ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸ ಹೊರಡುವ ಹಿಂದಿನ ದಿನವೇ ಮುಗಿದಿರಬೇಕು.

ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟೇ ಬೇಕೆಂದೇನೂ ಇಲ್ಲ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಆಧಾರ್, ಮತದಾರರ ಗುರುತಿನ ಚೀಟಿ, ಪಾನ್ ಕಾರ್ಡ್, ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್, ಇವುಗಳಲ್ಲಿ ಯಾವುದಾದರೂ ಒಂದರ ಮೂಲ ಪ್ರತಿ ಇದ್ದರೆ ಸಾಕು. ಸರ್ಕಾರಿ ನೌಕರರ ಸೇವಾ ಗುರುತಿನ ಚೀಟಿ, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ, ದೃಢೀಕರಿಸಿದ ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ಕು ಸಹ ಆ ಪಟ್ಟಿಯಲ್ಲಿವೆ. ವಿದ್ಯಾರ್ಥಿಗಳ ಗುರುತಿನ ಚೀಟಿಯನ್ನು ಸರ್ಕಾರಿ ಸಂಸ್ಥೆ ಕೊಟ್ಟಿರಬೇಕು. ಖಾಸಗಿ ಕಾಲೇಜಿನ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಹೊರಡುವ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಬೇಕು. ರೇಷನ್ ಕಾರ್ಡಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಜೆರಾಕ್ಸ್ ಪ್ರತಿಯನ್ನು ನಂಬಿ ಹೊರಡಬಾರದು.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಇರುವುದು ಹೆಸರಿನಲ್ಲಿ. ಟಿಕೆಟಿನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಹೊಂದಬೇಕೆಂಬುದು ನಿಯಮ; ಆದರೆ ಟಿಕೆಟ್ ಕಾಯ್ದಿರಿಸುವ ಅರ್ಜಿಯು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆಗಳನ್ನು ಕೇಳುತ್ತದೆ, ನಮ್ಮಲ್ಲಿ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ಆಧಾರಿನಲ್ಲಿ ‘ಬಸವರಾಜಪ್ಪ ಎಚ್ ಎಂ’ ಎಂದಿದ್ದು, ಮಗ ಮೊಬೈಲಿನಲ್ಲಿ ಅವಸರದಿಂದ ‘ಬಸವರಾಜ್’ ಎಂದು ತುಂಬಿ ಕೊನೆಯ ಖಾನೆಗೆ ತನ್ನ ಹೆಸರಿನ ಜೊತೆಗಿರುವ ಅಡ್ಡಹೆಸರನ್ನು ಹಾಕಿದರೆ, ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಅದು ಬೇರೆಯವರ ಟಿಕೆಟಿನಂತೆ ಕಾಣುತ್ತದೆ. ಆದ್ದರಿಂದ ಕಾರ್ಡನ್ನು ಎದುರಿಗಿಟ್ಟುಕೊಂಡು ಅದರ ಇಂಗ್ಲಿಷ್ ಸ್ಪೆಲ್ಲಿಂಗನ್ನು ಅಕ್ಷರ ಅಕ್ಷರ ನೋಡಿ ತುಂಬಬೇಕು. ಇನಿಷಿಯಲ್ಲೂ ಇಲ್ಲದೆ ಒಂದೇ ಹೆಸರಿರುವ ಹಿರಿಯರ ವಿಷಯದಲ್ಲಿ ಕೆಲವು ವಿಮಾನ ಸಂಸ್ಥೆಗಳು ಅದೇ ಹೆಸರನ್ನು ಎರಡೂ ಖಾನೆಗಳಲ್ಲಿ ಬರೆಯಲು ಹೇಳುತ್ತವೆ. ಆ ಸೂಚನೆಯನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು. ತಪ್ಪು ಕಂಡರೆ ಅಂದೇ ಸಂಸ್ಥೆಗೆ ಕರೆ ಮಾಡಿ ತಿದ್ದಿಸಿಕೊಳ್ಳುವುದು ಲೇಸು; ಕೌಂಟರಿನ ಮುಂದೆ ಸಾಲು ಬೆಳೆದಿರುವಾಗ ಅದು ಸುಲಭದ ಕೆಲಸವಲ್ಲ.

ತಂದೆತಾಯಿಯ ಜೊತೆ ಹೋಗುವ ಅಪ್ರಾಪ್ತ ಮಕ್ಕಳಿಗೆ, ಪೋಷಕರ ದಾಖಲೆ ಸರಿಯಿದ್ದರೆ, ಪ್ರತ್ಯೇಕ ಗುರುತಿನ ಚೀಟಿ ಬೇಕಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಶಿಶು ದರದ ಟಿಕೆಟ್ ತೆಗೆದಿದ್ದರೆ ಮಾತ್ರ ವಯಸ್ಸನ್ನು ತೋರಿಸಲು ಜನನ ಪ್ರಮಾಣಪತ್ರ ಇಟ್ಟುಕೊಳ್ಳಬೇಕು.

ಎಂ-ಆಧಾರ್ ಆ್ಯಪಿನಲ್ಲಿ ತೆರೆದು ತೋರಿಸುವ ಆಧಾರ್‌ಗೂ ಮಾನ್ಯತೆಯಿದೆ. ಮಗಳು ವಾಟ್ಸಾಪಿನಲ್ಲಿ ಕಳಿಸಿದ ಕಾರ್ಡಿನ ಫೋಟೋ ಅದಕ್ಕೆ ಸಮನಲ್ಲ. ಆ್ಯಪಿಗೆ ಆಧಾರನ್ನು ಸೇರಿಸುವಾಗ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ; ಹಳೆಯ ಸಿಮ್ ಬಿಸಾಡಿದವರಿಗೆ ಇದು ದಾರಿಯಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಇದೆ, ಆದರೆ ಅದು ಐಚ್ಛಿಕ. ಅದನ್ನು ಬಳಸುವವರೂ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಪಟ್ಟಿಯಲ್ಲಿನ ಯಾವ ದಾಖಲೆಯೂ ಇಲ್ಲದವರು ಗ್ರೂಪ್ ಎ ಗೆಜೆಟೆಡ್ ಅಧಿಕಾರಿಯಿಂದ, ಅವರ ಲೆಟರ್‌ಹೆಡ್ಡಿನ ಮೇಲೆ, ದೃಢೀಕರಿಸಿದ ಭಾವಚಿತ್ರವಿರುವ ಗುರುತಿನ ಪ್ರಮಾಣಪತ್ರ ಪಡೆಯಬಹುದು. ಇದಕ್ಕೆ ಕಚೇರಿ ಅಲೆಯಬೇಕಾದೀತು, ಆದ್ದರಿಂದ ಪ್ರಯಾಣಕ್ಕೆ ಒಂದು ವಾರ ಮೊದಲೇ ಆ ಕೆಲಸ ಶುರುಮಾಡಬೇಕು.

ಲಗೇಜು ಕೊಡುವಾಗ ಕಾರ್ಡನ್ನು ಆ ಬ್ಯಾಗಿನ ಬದಿಯ ಜಿಪ್ಪಿನಲ್ಲಿ ಬಿಟ್ಟುಬಿಡಬಾರದು. ಬ್ಯಾಗು ಬೆಲ್ಟಿನ ಮೇಲೆ ಒಳಗೆ ಹೋದರೆ ಇಳಿಯುವ ಊರಿನವರೆಗೆ ಕೈಗೆ ಸಿಗುವುದಿಲ್ಲ.